ಶನಿವಾರ ಬಂದ ಪೆಟ್ಟಿಗೆ

ಬಸವೇಶ್ವರನಗರ, ಬೆಂಗಳೂರು
27-3-2007

ಲಕ್ಷ್ಮೇಶ್ವರದ ಟೇಲರ್ ಫಕೀರೇಶ ಅವರಿಗೆ,

ನಮಸ್ಕಾರ ಎಂದು ಬರೆಯಲು ಕೈ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ನೀವು ಕಳಿಸಿದ ಕಲ್ಲು ತಲುಪಿದೆ.

ಹೆಸರು ಹೇಳಿದರೆ ನೆನಪಾಗಬಹುದು, ನಾನು ನೀಲಾಂಬಿಕಾ. ಕಂಪ್ಯೂಟರಿನಲ್ಲಿ ನಡೆದ ಹರಾಜಿನಲ್ಲಿ ನಿಮ್ಮ ಓವರ್‌ಲಾಕ್ ಮಷಿನ್‌ಗೆ ಬೆಲೆ ಕೂಗಿದವಳು. ಅದು ಬೇರೆಯವರ ಪಾಲಾಯಿತೆಂದು ನಾನು ಸುಮ್ಮನಾಗಿದ್ದೆ. ಮರುದಿನ ಫೋನು ಮಾಡಿದವರು ನೀವು. ಗೆದ್ದವನು ಹಿಂದೆ ಸರಿದಿದ್ದಾನೆ, ನೀವು ಕೂಗಿದ ಬೆಲೆಗೇ ಕೊಡುತ್ತೇನೆ ಎಂದಿರಿ. ನಾನು ಮುಂಡರಗಿ ಕಡೆಯವಳು ಎಂದು ಮಾತಿನಲ್ಲೇ ಗುರುತು ಹಿಡಿದು, "ಅಕ್ಕಾರ, ನಾವೂ ಅದೇ ಮಣ್ಣಿನವರ್ರೀ. ನಮ್ಮ ಕಡಿಯವರಿಗೆ ಮೋಸ ಮಾಡಿದರ ನಮ್ಮವ್ವ ನನ್ನ ಮನಿಯೊಳಗ ಬಿಟ್ಕೊಂತಾಳೇನ್ರೀ?" ಎಂದಿರಿ. ಆ ಒಂದು ಮಾತಿಗೆ ನಾನು ಬಿದ್ದೆ. ಬೆಂಗಳೂರಿಗೆ ಬಂದು ಇಷ್ಟು ವರ್ಷವಾದರೂ ನಮ್ಮ ಕಡೆಯ ಮಾತು ಕಿವಿಗೆ ಬಿದ್ದರೆ ನನ್ನ ಬುದ್ಧಿ ಕೆಲಸ ಮಾಡುವುದಿಲ್ಲ.

ಮರದ ಪೆಟ್ಟಿಗೆ ಬಂದದ್ದು ಶನಿವಾರ. ಶನಿವಾರ ಕಬ್ಬಿಣ ಮನೆಗೆ ತರಬಾರದೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ಮನೆಯ ಮಾಲೀಕರು ಪಾಪಮ್ಮ ಗೇಟಿನಲ್ಲೇ ಕೈ ಅಡ್ಡ ಹಿಡಿದರು. "ಕಬ್ಣ ಕಣಮ್ಮ, ಇವತ್ತು ಒಳಗೆ ಬೇಡ. ಶನಿ ಹೆಗಲೇರ್ತಾನೆ. ಮೆಟ್ಲು ಕೆಳಗೆ ಇರ್ಲಿ, ನಾಳೆ ಪೂಜೆ ಮಾಡಿ ತಗೊಂಡೋಗು." ನಾನೂ ಹೂಂ ಎಂದೆ. ಪಾರ್ಸೆಲ್ ತಂದವರ ಕಾಗದಕ್ಕೆ ಸಹಿ ಹಾಕಿ ಕಳಿಸಿಬಿಟ್ಟೆ. ಭಾನುವಾರ ಸ್ನಾನ ಮಾಡಿ, ಪೆಟ್ಟಿಗೆಗೆ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಕಾಯಿ ಒಡೆದು ಮೊಳೆ ಕಿತ್ತರೆ ಒಳಗೆ ಒಣಹುಲ್ಲು, ಹುಲ್ಲಿನೊಳಗೆ ಒಂದು ಕಲ್ಲು ಚಪ್ಪಡಿ. ಬಟ್ಟೆ ಒಗೆಯುವ ಕಲ್ಲಿಗೆ ನಾನು ಕಾಯಿ ಒಡೆದೆ, ಫಕೀರೇಶ ಅವರೇ.

ಪಾರ್ಸೆಲ್ ಕಚೇರಿಯವರು ಹೇಳಿದ್ದು ಇಷ್ಟು: ಪೆಟ್ಟಿಗೆ ಸರಿಯಾಗಿ ಬಂದಿದೆ ಎಂದು ನೀವೇ ಸಹಿ ಮಾಡಿದ್ದೀರಿ, ಒಂದು ರಾತ್ರಿ ಹೊರಗೆ ಬಿದ್ದಿತ್ತು, ಒಳಗಿನದನ್ನು ಯಾರು ಬದಲಾಯಿಸಿದರೋ ನಮಗೇನು ಗೊತ್ತು. ನಿಮ್ಮ ಮೊಬೈಲು ಸ್ವಿಚ್ ಆಫ್. ಪೆಟ್ಟಿಗೆಯ ಮೇಲೆ ಕಳಿಸಿದವರ ವಿಳಾಸವೆಂದು ನಿಮ್ಮ ಅಂಗಡಿಯ ವಿಳಾಸವಿತ್ತು. ಅದಕ್ಕೇ ಈ ರಿಜಿಸ್ಟರ್ಡ್ ಪತ್ರ. ನಾಳೆ ಬಂದಿಲ್ಲ ಎನ್ನಬಾರದು.

ನಾನು ಹಣ ಹೆಚ್ಚಾಗಿ ಹರಾಜು ಕೂಗಿದವಳಲ್ಲ. ಗಾರ್ಮೆಂಟ್ಸ್ ಫ್ಯಾಕ್ಟರಿ ಬಿಟ್ಟು ಬಂದವಳು. ಅಲ್ಲಿನ ಸೂಪರ್‌ವೈಸರ್ ಹೆಣ್ಣುಮಕ್ಕಳು ಶೌಚಾಲಯಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ಹೆಸರು ಹಿಡಿದು ಕೂಗುತ್ತಾನೆ. ವಿಜಯನಗರದ ಯೂನಿಫಾರಂ ಅಂಗಡಿಯವರು ಜೂನ್‌ಗೆ ಶಾಲೆ ಬಟ್ಟೆ ಹೊಲಿಯಲು ಕೊಡುತ್ತೇವೆ ಎಂದಿದ್ದಾರೆ, ಅಂಚು ಬಿಚ್ಚದಂತೆ ಓವರ್‌ಲಾಕ್ ಮಾಡಿಕೊಟ್ಟರೆ ಮಾತ್ರ. ಆ ಮಷಿನ್ ಇಲ್ಲದಿದ್ದರೆ ನಾನು ತಿರುಗಿ ಅದೇ ಫ್ಯಾಕ್ಟರಿಯ ಗೇಟಿಗೆ ಹೋಗಬೇಕು. ಹರಾಜಿನ ನಿಯಮದಂತೆ ನಾನು ಹಣ ಕಟ್ಟಿದ್ದೇನೆ. ಮಷಿನ್ ಕಳಿಸಿ, ಇಲ್ಲವೇ ಹಣ ಕಳಿಸಿ. ಕಲ್ಲು ಬೇಕಾದರೆ ಬಂದು ತೆಗೆದುಕೊಂಡು ಹೋಗಿ.

ನೀಲಾಂಬಿಕಾ


ಲಕ್ಷ್ಮೇಶ್ವರ
5-4-2007

ನೀಲಾಂಬಿಕಾ ಎಂಬುವವರಿಗೆ,

ನಿಮ್ಮ ಪತ್ರವನ್ನು ಅಂಚೆಯವನ ಎದುರೇ ಒಡೆದು ಓದಿದೆ. ಓದಿದ್ದು ತಪ್ಪಾಯಿತು, ಅವನೂ ಇಣುಕಿ ಓದಿದ.

ನಾನು ನಿಮಗೆ ಕಲ್ಲನ್ನೂ ಕಳಿಸಿಲ್ಲ, ಮಣ್ಣನ್ನೂ ಕಳಿಸಿಲ್ಲ. ಮೂವತ್ತು ವರ್ಷದಿಂದ ಈ ಪೇಟೆಯಲ್ಲಿ ಹೊಲಿಯುತ್ತಿದ್ದೇನೆ. ತೋಳು ಅರ್ಧ ಇಂಚು ಬಿಗಿಯಾಯಿತೆಂದು ಬೈಸಿಕೊಂಡಿದ್ದೇನೆ, ಕಳ್ಳ ಎಂದು ಇದುವರೆಗೆ ಯಾರಿಂದಲೂ ಅನ್ನಿಸಿಕೊಂಡಿರಲಿಲ್ಲ. ನನಗೆ ಮೊಬೈಲು ಇಲ್ಲ. ಕಂಪ್ಯೂಟರನ್ನು ನಾನು ಬ್ಯಾಂಕಿನ ಗಾಜಿನಾಚೆ ಮಾತ್ರ ನೋಡಿದ್ದೇನೆ. ನನ್ನ ಓವರ್‌ಲಾಕ್ ಮಷಿನ್ ಈ ಪತ್ರ ಬರೆಯುವಾಗಲೂ ನನ್ನ ಮೊಣಕಾಲಿಗೆ ತಾಗಿಕೊಂಡಿದೆ. ಅದು ಮಾರಾಟಕ್ಕಿಲ್ಲ, ಅದನ್ನು ಮಾರುತ್ತೇನೆಂದು ಯಾರಿಗೂ ಹೇಳಿಲ್ಲ, ಯಾರಿಗೂ ತೋರಿಸಿಯೂ ಇಲ್ಲ.

ಊರ ಹೆಸರು ಕೇಳಿದೊಡನೆ ಗಂಟು ಬಿಚ್ಚಿ ಹಣ ಕೊಟ್ಟವರು ನೀವು. ಕಣ್ಣು ಮುಚ್ಚಿಕೊಂಡು ವ್ಯಾಪಾರ ಮಾಡಿ ಈಗ ಎದುರಿಗೆ ಸಿಕ್ಕವರ ಕೊರಳಪಟ್ಟಿ ಹಿಡಿದರೆ ಹೇಗೆ? ಇನ್ನೊಂದು ಸಲ ಇಂಥ ಪತ್ರ ಬರೆದರೆ ಮಾನನಷ್ಟದ ದಾವೆ ಹಾಕುತ್ತೇನೆ.

ಫಕೀರೇಶ


ಬಸವೇಶ್ವರನಗರ, ಬೆಂಗಳೂರು
12-4-2007

ಫಕೀರೇಶ ಅವರಿಗೆ,

ದಾವೆ ಹಾಕಿ. ನಾನೂ ಕೋರ್ಟು ನೋಡಿದಂತಾಗುತ್ತದೆ.

ನೀವು ಯಾರಿಗೂ ತೋರಿಸಿಲ್ಲ ಎನ್ನುವ ಮಷಿನ್‌ನ ಫೋಟೋ ನನ್ನ ಕೈಯಲ್ಲಿದೆ. ಪಾಪಮ್ಮನವರ ಮಗಳು ರಮ್ಯ ಕಾಲೇಜು ಓದುವವಳು, ಹರಾಜು ಕೂಗಲು ನನ್ನನ್ನು ಸೈಬರ್ ಸೆಂಟರಿಗೆ ಕರೆದೊಯ್ದವಳು ಅವಳೇ. ಹರಾಜಿನ ಪುಟವನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದಳು. ಹಸಿರು ಬಣ್ಣದ ಮಷಿನ್, ತಲೆಯ ಮೇಲೆ ವಿಭೂತಿಯ ಮೂರು ಗೆರೆ, ಗಾಲಿಗೆ ಆಯುಧಪೂಜೆಯ ಕೆಂಪು ದಾರ, ಹಲಗೆಯ ಬಲ ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ. ಈಗ ನಿಮ್ಮ ಮೊಣಕಾಲಿಗೆ ತಾಗಿಕೊಂಡಿರುವ ಮಷಿನ್‌ನ ಬಲ ಮೂಲೆ ನೋಡಿಕೊಳ್ಳಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಸುಮ್ಮನೆ ಹೇಳುವುದಿಲ್ಲ. ನಾನು ಕೇಳದೆಯೇ ಮಾರಾಟಕ್ಕಿಲ್ಲ, ತೋರಿಸಿಲ್ಲ ಎಂದು ಎರಡೆರಡು ಸಲ ಬರೆದಿದ್ದೀರಿ. ಅಂಗಡಿಯ ಫೋನ್ ನಂಬರು ಮಾತ್ರ ಬರೆದಿಲ್ಲ. ಧ್ವನಿ ಗುರುತು ಸಿಕ್ಕೀತೆಂಬ ಹೆದರಿಕೆಯೇ? ನಾನು ಹಣ ಕಟ್ಟಿದ ಬ್ಯಾಂಕ್ ಖಾತೆಯೂ ನಿಮ್ಮ ಹೆಸರಿನಲ್ಲೇ ಇದೆ.

ಠಾಣೆಯಲ್ಲಿ ಮೊದಲು ನನ್ನನ್ನೇ ಗದರಿಸಿದರು. "ಮುಖ ನೋಡ್ದೆ ದುಡ್ಡು ಕೊಟ್ಟಿದೀರ, ನಾವೇನ್ ಮಾಡೋಣ ಹೇಳಿ" ಎಂದರು. ನನ್ನ ಯಜಮಾನರು ಅರುಣ ಹೋಗಲಿ ಬಿಡು ಎಂದರು. ಮನೆಯಲ್ಲಿ ಬಿಡು ಎನ್ನುವವರು, ಠಾಣೆಯಲ್ಲಿ ಹೋಗು ಎನ್ನುವವರು. ನಾನು ಎರಡೂ ಮಾಡಲಿಲ್ಲ. ಬೆಂಚಿನ ಮೇಲೆ ಕೂತೆ, ಸಂಜೆ ದೂರು ಬರೆದುಕೊಂಡರು. ಅದರಲ್ಲಿ ನಿಮ್ಮ ಹೆಸರು, ಅಂಗಡಿ, ಊರು ಎಲ್ಲ ಸ್ಪಷ್ಟವಾಗಿ ಬರೆಸಿದ್ದೇನೆ.

ನೀಲಾಂಬಿಕಾ


ಲಕ್ಷ್ಮೇಶ್ವರ
9-5-2007

ನೀಲಾಂಬಿಕಾ ಅವರಿಗೆ,

ನಿಮ್ಮ ಆಸೆ ಕೈಗೂಡಿದೆ. ಸಿಹಿ ಹಂಚಿಕೊಳ್ಳಿ.

ಬಸವ ಜಯಂತಿಯ ದಿನ ಪೊಲೀಸರು ಬಂದರು. ಬೀದಿಯಲ್ಲಿ ಮೆರವಣಿಗೆ ಹೊರಟಿತ್ತು, ಊರೆಲ್ಲ ನಮ್ಮ ಅಂಗಡಿಯ ಮುಂದೆಯೇ ನಿಂತಿತ್ತು. ನಾನು ಕೊರಳಿಗೆ ಟೇಪು ಹಾಕಿಕೊಂಡೇ ಅವರ ಹಿಂದೆ ನಡೆದೆ, ತೆಗೆಯಬೇಕೆಂದು ಹೊಳೆಯಲಿಲ್ಲ. ಸಂಜೆವರೆಗೆ ಕೂರಿಸಿ, ಬೆಂಗಳೂರಿನ ಹೆಣ್ಣುಮಗಳ ದುಡ್ಡು ಎಲ್ಲಿಟ್ಟಿದ್ದೀ ಎಂದು ಕೇಳಿದರು. ನನಗಿಂತ ಚಿಕ್ಕವರು, ಏಕವಚನದಲ್ಲಿ ಕೇಳಿದರು. ಆಮೇಲೆ ಕರೆದಾಗ ಬರಬೇಕೆಂದು ಬರೆಸಿಕೊಂಡು ಬಿಟ್ಟರು.

ಮರುದಿನದಿಂದ ಹೆಣ್ಣುಮಕ್ಕಳು ಬರತೊಡಗಿದರು, ಹೊಲಿಸಲಿಕ್ಕಲ್ಲ. "ನಮ್ಮ ಅಳತಿ ಜಂಪರ್ ಕೊಟ್ಟಬಿಡ್ರಿ ಮಾಸ್ತರ" ಎಂದರು. ಅಳತೆಯ ಜಂಪರನ್ನು, ತಾವು ತೊಡುವ ರವಿಕೆಯನ್ನೇ, ಟೇಲರನ ಹತ್ತಿರ ಬಿಡುವುದೆಂದರೆ ಎಂಥ ನಂಬಿಕೆಯೆಂದು ನೀವೂ ಹೊಲಿಯುವವರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮದುವೆಯ ದಿನಗಳಲ್ಲಿ ಜಂಪರ್ ತೂಗುಹಾಕುವ ನನ್ನ ಗೋಡೆಯ ಗೂಟಗಳು ಒಂದು ಬಿಟ್ಟು ಎಲ್ಲ ಖಾಲಿ ಇವೆ.

ನಾನು ನಿಮಗೆ ಶಾಪ ಹಾಕುವುದಿಲ್ಲ. ದಾವೆಯನ್ನೂ ಹಾಕುವುದಿಲ್ಲ. ಮುಂದೆ ಪತ್ರ ಬರೆಯಬೇಡಿ.

ಫಕೀರೇಶ


ಬಸವೇಶ್ವರನಗರ, ಬೆಂಗಳೂರು
20-5-2007, ಭಾನುವಾರ

ಫಕೀರೇಶ ಅವರಿಗೆ ನಮಸ್ಕಾರ.

ಬೇಡ ಎಂದರೂ ಬರೆಯುತ್ತಿದ್ದೇನೆ. ನಿಮ್ಮ ಪತ್ರ ಓದಿದ ಮೇಲೆ ಎರಡು ಸಲ ತಪ್ಪು ಹೊಲಿದೆ. ಹೊಲಿದದ್ದು ಮನೆಯಲ್ಲಲ್ಲ, ಫ್ಯಾಕ್ಟರಿಯಲ್ಲಿ. ಹೌದು, ಹೋಗಿದ್ದೇನೆ. ಯೂನಿಫಾರಂ ಅಂಗಡಿಯವರು ಏಪ್ರಿಲ್ ಮುಗಿಯುವವರೆಗೆ ಕಾದು ಬಟ್ಟೆಯನ್ನು ಬೇರೆಯವರಿಗೆ ಕೊಟ್ಟರು. ಮೊದಲ ದಿನವೇ ಸೂಪರ್‌ವೈಸರ್ ಇಡೀ ಲೈನಿಗೆ ಕೇಳುವಂತೆ, "ಏನಮ್ಮ, ಓನರ್ ಆಗ್ತೀನಿ ಅಂತ ಹೋದೋಳು ವಾಪಸ್ ಬಂದ್ಯಾ?" ಎಂದ. ಕತ್ತರಿ ಕೈಯಲ್ಲೇ ಇತ್ತು. ತಲೆ ತಗ್ಗಿಸಿ ಕಾಲರ್ ಹೊಲಿದೆ.

ನೀವು ನಿರಪರಾಧಿ ಎಂದು ನಾನು ಇನ್ನೂ ಒಪ್ಪಿಲ್ಲ. ಆದರೆ ಕದ್ದವನು ಅಳತೆಯ ಜಂಪರಿಗೆ ಇಷ್ಟು ಸಂಕಟಪಡುತ್ತಾನೆಯೇ ಎಂಬ ಮುಳ್ಳು ಒಳಗೆ ಚುಚ್ಚುತ್ತಿದೆ. ಅದಕ್ಕೇ ನಾನು ಮುಚ್ಚಿಟ್ಟ ಒಂದು ಮಾತನ್ನು ಮೊದಲು ಹೇಳುತ್ತೇನೆ. ಹರಾಜಿನ ನಿಯಮದಂತೆ ಹಣ ಕಟ್ಟಿದೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಹರಾಜು ನಡೆಸುವವರ ಮೂಲಕವೇ ಹಣ ಕಟ್ಟಿದರೆ ಸಾಮಾನು ಕೈಸೇರುವವರೆಗೆ ಅವರೇ ಅದನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಫೋನಿನಲ್ಲಿದ್ದವನು ಅದೆಲ್ಲ ತಡವಾಗುತ್ತದೆ, ಕಮಿಷನ್ನೂ ಹೋಗುತ್ತದೆ, ನಮ್ಮ ನಮ್ಮಲ್ಲಿ ಯಾಕೆ ಎಂದ. ನಾನು ನೇರವಾಗಿ ಖಾತೆಗೆ ಕಟ್ಟಿದೆ. ಈ ಮಾರಾಟಗಾರ ಹೊಸಬ, ಇವನಿಂದ ಕೊಂಡವರು ಒಬ್ಬರೂ ಒಳ್ಳೆಯ ಮಾತು ಬರೆದಿಲ್ಲ, ತಡೆಯಿರಿ ಆಂಟಿ ಎಂದು ರಮ್ಯ ಹೇಳಿದ್ದಳು. ಎಲ್ಲರೂ ಒಂದು ದಿನ ಹೊಸಬರೇ ಎಂದು ಅವಳ ಬಾಯಿ ಮುಚ್ಚಿಸಿದೆ. ಈಗ ಹರಾಜಿನವರು ಹೊರಗೆ ಕಟ್ಟಿದ ಹಣಕ್ಕೆ ನಾವು ಹೊಣೆಯಲ್ಲ ಎಂದು ಬರೆದಿದ್ದಾರೆ. ಅದರಲ್ಲಿ ಅವರ ತಪ್ಪಿಲ್ಲ, ಅದಕ್ಕೇ ಇನ್ನಷ್ಟು ಕೋಪ ಬರುತ್ತದೆ.

ಫೋಟೋದ ಪ್ರತಿ ಇದರೊಂದಿಗಿದೆ. ನೋಡಿ, ನಿಜ ಹೇಳಿ. ನಾನು ಹೇಳಿದ್ದೇನೆ, ಈಗ ಸರದಿ ನಿಮ್ಮದು.

ನೀಲಾಂಬಿಕಾ


ಲಕ್ಷ್ಮೇಶ್ವರ
30-5-2007

ನೀಲಾಂಬಿಕಾ ಅವರಿಗೆ ಶರಣು.

ಫೋಟೋ ನೋಡಿದೆ. ಮಷಿನ್ ನನ್ನದೇ. ಎಡಗಡೆ ಅಂಚಿನಲ್ಲಿ ಸ್ಟೂಲು ಸರಿಸುತ್ತಿರುವ ಒಂದು ಕೈ ಕಾಣುತ್ತದೆ, ನೀವು ಗಮನಿಸಿರಲಿಕ್ಕಿಲ್ಲ. ಆ ಕೈ ಕೂಡ ನನ್ನದೇ. ಕಳ್ಳನಿಗೆ ಬೆಳಕು ಸರಿಯಾಗಿ ಬೀಳಲೆಂದು ಸ್ಟೂಲು ಸರಿಸಿಕೊಟ್ಟವನು ನಾನು.

ದೀಪಾವಳಿ ಮುಗಿದ ಮೇಲೆ ಒಬ್ಬ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೋಟೋ ಹಿಡಿಯುವ ಮೊಬೈಲು. ಹಳೆಯ ಮಷಿನ್‌ಗಳನ್ನು ಕಂಪ್ಯೂಟರಿನಲ್ಲಿ ಹರಾಜು ಹಾಕಿ ಒಳ್ಳೆಯ ಬೆಲೆ ಕೊಡಿಸುತ್ತೇನೆ ಎಂದ. ಫೋಟೋ ಹಿಡಿದ. ಹೆಸರು ನೋಂದಾಯಿಸಲು ಬೇಕೆಂದು ನನ್ನ ಚುನಾವಣಾ ಗುರುತಿನ ಚೀಟಿಯ ಜೆರಾಕ್ಸ್ ತೆಗೆದುಕೊಂಡ. ಮತ್ತೆ ಬರಲಿಲ್ಲ. ಬೆಲೆ ಬಂದಿರಲಿಕ್ಕಿಲ್ಲ ಎಂದುಕೊಂಡು ನಾನು ಮರೆತೆ. ನೀವು ಹೇಳುವ ಖಾತೆಯನ್ನು ಆ ಜೆರಾಕ್ಸ್ ಕೊಟ್ಟೇ ತೆರೆದಿರಬೇಕು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆಯೇ ಬಾಯಿ ಒಡ್ಡಿದೆ.

ನಿಮ್ಮ ಮೊದಲ ಪತ್ರಕ್ಕೆ ಇದನ್ನೇ ಬರೆದಿದ್ದರೆ ಪೊಲೀಸರು ಬರುತ್ತಿರಲಿಲ್ಲ. ಬರೆಯಲಿಲ್ಲ, ಯಾಕೆಂದರೆ ಮಷಿನ್ ಮಾರುವ ವಿಷಯ ಮನೆಯಲ್ಲೂ ಗೊತ್ತಿರಲಿಲ್ಲ. ಈಗ ಎಲ್ಲರೂ ರೆಡಿಮೇಡ್ ತೊಡುತ್ತಾರೆ. ಟೇಲರ್ ಮಷಿನ್ ಮಾರುತ್ತಿದ್ದಾನೆ ಎಂದರೆ ಅಂಗಡಿ ಮುಚ್ಚುತ್ತಾನೆ ಎಂದೇ ಊರು ತಿಳಿಯುತ್ತದೆ, ಇದ್ದ ನಾಲ್ಕು ಗಿರಾಕಿಗಳೂ ಬೇರೆ ಕಡೆ ಹೋಗುತ್ತಾರೆ. ಅಂಗಡಿಯ ಫೋನಿನ ನಂಬರು ಕೊಡದಿದ್ದುದು ಧ್ವನಿಗೆ ಹೆದರಿಯಲ್ಲ, ಬಿಲ್ಲು ಕಟ್ಟದೆ ಅದನ್ನು ಕತ್ತರಿಸಿ ತಿಂಗಳುಗಳಾಗಿವೆ. ಮರ್ಯಾದೆ ಉಳಿಸಿಕೊಳ್ಳಲು ಒಂದು ಸುಳ್ಳು ಹೇಳಿದೆ, ಇದ್ದ ಮರ್ಯಾದೆಯೂ ಮೆರವಣಿಗೆಯ ಹಿಂದೆ ಹೋಯಿತು.

ನಿಮ್ಮ ಮೇಲೆ ನನಗಿನ್ನೂ ಸಿಟ್ಟಿದೆ. ಆದರೆ ಅದಕ್ಕಿಂತ ಹೆಚ್ಚಿನ ಸಿಟ್ಟು ಆ ಇಸ್ತ್ರಿ ಅಂಗಿಯವನ ಮೇಲಿದೆ. ಅವನು ಕೈಗೆ ಸಿಕ್ಕರೆ ಅಳತೆ ತೆಗೆಯದೆ ಹೊಲಿಯುತ್ತೇನೆ.

ಫಕೀರೇಶ


ಬಸವೇಶ್ವರನಗರ, ಬೆಂಗಳೂರು
17-6-2007, ಭಾನುವಾರ

ಫಕೀರೇಶಣ್ಣನವರಿಗೆ ಶರಣು.

ಕೂತುಕೊಂಡು ಓದಿ. ನಿಮ್ಮ ಮಷಿನ್ ಮತ್ತೆ ಹರಾಜಿಗೆ ಬಂದಿದೆ.

ರಮ್ಯ ನಿನ್ನೆ ಸೈಬರ್ ಸೆಂಟರಿನಿಂದ ಓಡುತ್ತ ಬಂದಳು. ಅದೇ ಹಸಿರು ಬಣ್ಣ, ಅದೇ ವಿಭೂತಿ, ಅದೇ ಸುಟ್ಟ ಮೂಲೆ. ಫೋಟೋದಿಂದ ನಿಮ್ಮ ಕೈಯನ್ನು ಮಾತ್ರ ಕತ್ತರಿಸಿದ್ದಾನೆ. ಈ ಸಲ ಮಾರುವವನ ಹೆಸರು ಕಾಂತರಾಜು, ಊರು ತುಮಕೂರು. ಅವರೂ ನಿಮ್ಮ ಹಾಗೆಯೇ ಎಲ್ಲೋ ಕೂತು ತಮ್ಮ ಕೆಲಸ ಮಾಡಿಕೊಂಡಿರುವ ಪಾಪದವರಿರಬೇಕು. ಅವರಿಗೂ ಯಾರಾದರೊಬ್ಬಳು ನನ್ನಂಥವಳು ಪತ್ರ ಬರೆಯುವ ಮೊದಲೇ ಇದನ್ನು ನಿಲ್ಲಿಸಬೇಕು.

ರಮ್ಯಳ ಕೈಯಲ್ಲಿ ಅವನಿಗೆ ಒಂದು ಸಾಲು ಬರೆಸಿದೆ: ನನಗೆ ಮಷಿನ್ ಬೇಕು, ಆದರೆ ಅದರ ತಲೆಯ ಮೇಲೆ ಒಂದು ಲಿಂಬೆಹಣ್ಣು ಇಟ್ಟು, ಪಕ್ಕದಲ್ಲಿ ಇವತ್ತಿನ ಪೇಪರು ಹಿಡಿದು ಫೋಟೋ ಕಳಿಸಿ. ಒಂದು ಲಿಂಬೆಹಣ್ಣು, ಅಷ್ಟೇ. ಮಷಿನ್ ಆಗಲೇ ಪ್ಯಾಕ್ ಆಗಿದೆ ಮೇಡಂ, ಬಿಚ್ಚಲಾಗುವುದಿಲ್ಲ, ಬೇರೆಯವರು ಕೇಳುತ್ತಿದ್ದಾರೆ, ಬೇಗ ಹಣ ಕಟ್ಟಿ ಎಂದು ಉತ್ತರ ಬಂತು. ಮಾರ್ಚಿನಲ್ಲೇ ಈ ಲಿಂಬೆಹಣ್ಣು ನನ್ನ ತಲೆಗೆ ಹೊಳೆಯಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ನನ್ನ ಬುದ್ಧಿಯೂ ಅಷ್ಟೇ.

ಅವನಿಂದ ಆಗದ್ದು ನಿಮ್ಮಿಂದ ಆಗುತ್ತದೆ. ಊರಿನ ಸ್ಟುಡಿಯೋದವರನ್ನು ಕರೆಸಿ, ಲಿಂಬೆಹಣ್ಣು, ಆ ದಿನದ ಪೇಪರು, ನಿಮ್ಮ ಮುಖ, ಮಷಿನ್ ನಾಲ್ಕೂ ಕಾಣುವಂತೆ ಫೋಟೋ ತೆಗೆಸಿ ಕಳಿಸಿ. ಮಷಿನ್ ನಿಮ್ಮ ಅಂಗಡಿ ಬಿಟ್ಟು ಕದಲಿಲ್ಲ ಎಂದು ತೋರಿಸಲು ಬೇರೆ ದಾರಿಯಿಲ್ಲ. ಠಾಣೆಯಲ್ಲಿ ನನ್ನ ಬಾಯಿಮಾತನ್ನು ಯಾರೂ ಕೇಳುತ್ತಿಲ್ಲ.

ನೀಲಾಂಬಿಕಾ


ಲಕ್ಷ್ಮೇಶ್ವರ
25-6-2007

ತಂಗಿ ನೀಲಾಂಬಿಕಾಗೆ,

ಫೋಟೋ ಇದರೊಂದಿಗಿದೆ. ಸ್ಟುಡಿಯೋದವನು ನಗಿ ಮಾಸ್ತರ ಎಂದ, ನಗಲಿಲ್ಲ. ಪೊಲೀಸರಿಗೆ ತೋರಿಸುವ ಫೋಟೋದಲ್ಲಿ ನಕ್ಕರೆ ಅದಕ್ಕೂ ಒಂದು ಕೇಸು ಹಾಕಿಯಾರು. ಮನೆಯಲ್ಲಿ ಎಲ್ಲ ಹೇಳಿದೆ. ಎರಡು ದಿನ ನನ್ನ ತಾಟಿಗೆ ರೊಟ್ಟಿ ಬೀಳುವಾಗ ಸದ್ದು ಜೋರಾಗಿತ್ತು, ಈಗ ಕಡಿಮೆಯಾಗಿದೆ.

ಲಿಂಬೆಹಣ್ಣನ್ನು ಆಮೇಲೆ ಪಾನಕ ಮಾಡಿಕೊಂಡು ಕುಡಿದೆ.

ಫಕೀರೇಶ


ಬಸವೇಶ್ವರನಗರ, ಬೆಂಗಳೂರು
22-7-2007, ಭಾನುವಾರ

ಫಕೀರೇಶಣ್ಣನವರಿಗೆ ಶರಣು.

ತಡವಾಯಿತು. ಫ್ಯಾಕ್ಟರಿಯಲ್ಲಿ ರಜೆ ಕೇಳಿದರೆ ಸಂಬಳ ಕತ್ತರಿಸುತ್ತಾರೆ. ಕತ್ತರಿಸಿಕೊಂಡೇ ಮೂರು ಸಲ ಠಾಣೆಗೆ ಹೋದೆ.

ಎರಡು ಫೋಟೋಗಳನ್ನೂ ಇನ್‌ಸ್ಪೆಕ್ಟರ ಮೇಜಿನ ಮೇಲೆ ಇಟ್ಟೆ. ಅವರು ಒಂದಷ್ಟು ಹೊತ್ತು ನೋಡಿ, "ಅಲ್ಲಮ್ಮ, ಇವರನ್ನ ಹಿಡೀರಿ ಅಂತ ಬಂದೋರೂ ನೀವೇ, ಬಿಡಿ ಅಂತ ಬರೋರೂ ನೀವೇ. ನಾವೇನು ನಿಮ್ಮನೆ ಕೆಲಸದವರಾ?" ಎಂದರು. "ಹಿಡೀರಿ ಅಂದಾಗ ನನಗ ತಿಳಿದಿದ್ದಿಲ್ಲ. ಈಗ ತಿಳಿದದ. ನಿಮಗೂ ತಿಳೀಲಿ ಅಂತ ಬಂದೀನಿ. ತಿಳಿಯೂತನಕ ಇಲ್ಲೇ ಕುಂಡರ್ತೀನಿ" ಎಂದೆ. ಸಿಟ್ಟಿನಲ್ಲಿ ನಮ್ಮ ಕಡೆಯ ಭಾಷೆಯೇ ಬಂದುಬಿಟ್ಟಿತು. ನನ್ನ ಜೊತೆ ಬಂದಿದ್ದ ಪಾಪಮ್ಮ, ಶನಿವಾರ ಪೆಟ್ಟಿಗೆ ಹೊರಗೆ ಇಡಿಸಿದ್ದು ನಾನು, ಬರೆಯುವುದಿದ್ದರೆ ನನ್ನ ಹೆಸರನ್ನೂ ಬರೆದುಕೊಳ್ಳಿ ಎಂದರು. ಅವರು ಹೀಗೆ ಹೇಳುತ್ತಾರೆಂದು ನಾನು ನಿರೀಕ್ಷಿಸಿರಲಿಲ್ಲ.

ಕೊನೆಗೆ ಬ್ಯಾಂಕಿನಿಂದ ಖಾತೆಯ ಅರ್ಜಿ ತರಿಸಿದರು. ಅದಕ್ಕೆ ಅಂಟಿಸಿದ್ದ ಮುಖ ನಿಮ್ಮದಲ್ಲ. ಗುರುತಿನ ಚೀಟಿಯ ಮಸಿಹಿಡಿದ ಜೆರಾಕ್ಸ್‌ನಲ್ಲಿ ಯಾರ ಮುಖವಾದರೂ ಒಂದೇ ಎಂದು ಯಾರೂ ಹೋಲಿಸಿ ನೋಡಿರಲಿಲ್ಲವಂತೆ. ಅವನು ಸಿಕ್ಕಿಲ್ಲ. ಖಾತೆ ಖಾಲಿ, ನನ್ನ ಹಣ ಬರುವ ಲಕ್ಷಣವಿಲ್ಲ. ಹರಾಜಿನವರು ತುಮಕೂರಿನ ಹೆಸರಿನ ಪುಟವನ್ನು ತೆಗೆದುಹಾಕಿದ್ದಾರೆ. ನಾಳೆ ಇನ್ನೊಂದು ಹೆಸರಿನಲ್ಲಿ ಬರುತ್ತಾನೆ, ಗೊತ್ತು. ರಮ್ಯ ವಾರಕ್ಕೊಮ್ಮೆ ಹುಡುಕುತ್ತಾಳೆ.

ನಿಮ್ಮ ಮೇಲೆ ಯಾವ ಆರೋಪವೂ ಇಲ್ಲ ಎಂದು ಠಾಣೆಯಿಂದ ಬರೆಸಿಕೊಂಡಿದ್ದೇನೆ. ಮುದ್ರೆ ಹಾಕಿಸಲು ಇನ್ನೊಂದು ದಿನ ಕೂತೆ. ಅದನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಕಟ್ಟು ಹಾಕಿಸಿ, ಗೂಟಗಳ ಪಕ್ಕದಲ್ಲಿ, ಅಳತೆಯ ಜಂಪರ್ ವಾಪಸ್ ಒಯ್ದವರಿಗೆಲ್ಲ ಕಾಣುವ ಹಾಗೆ ತೂಗುಹಾಕಿ.

ನಾನು ನಿಮಗೆ ಮಾಡಿದ್ದು ಅನ್ಯಾಯ. ಮೋಸ ಹೋದವಳು ಎಂಬ ಒಂದೇ ಕಾರಣಕ್ಕೆ ನನ್ನ ಸಿಟ್ಟೆಲ್ಲ ನ್ಯಾಯವೇ ಎಂದುಕೊಂಡಿದ್ದೆ. ಕಲ್ಲು ಕಳಿಸಿದವನು ಸಿಗಲಿಲ್ಲವೆಂದು ಸಿಕ್ಕವರ ಮೇಲೆ ಕಲ್ಲು ಎಸೆದೆ. ಕ್ಷಮಿಸಿ.

ನೀಲಾಂಬಿಕಾ


ಲಕ್ಷ್ಮೇಶ್ವರ
2-8-2007

ತಂಗಿ ನೀಲಾಂಬಿಕಾಗೆ ಶರಣು.

ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಜನ ಬಂದು ಓದುತ್ತಾರೆ. "ನಾವು ಅವತ್ತ ನಂಬಿದ್ದಿಲ್ಲ ಬಿಡ್ರಿ ಮಾಸ್ತರ" ಎನ್ನುತ್ತಾರೆ. ಅವತ್ತು ಮೊದಲು ಬಂದು ಜಂಪರ್ ಕೇಳಿದವರೇ ಇವತ್ತು ಮೊದಲು ಬಂದು ಹೀಗೆ ಹೇಳಿದವರು. ಕೆಲವರು ಹೊಲಿಯಲು ಕೊಡುತ್ತಾರೆ, ಆದರೆ ಎದುರಿಗೆ ನಿಂತು ಅಳತೆ ಹೇಳಿ, ಜಂಪರನ್ನು ಚೀಲದಲ್ಲಿಟ್ಟುಕೊಂಡು ಹೋಗುತ್ತಾರೆ. ಒಂದು ಗೂಟ ಮಾತ್ರ ತುಂಬಿದೆ. ಅದು ಹಳೆಯ ಗಿರಾಕಿ ಶಾಂತವ್ವನದು, ಮೊದಲಿನಿಂದಲೂ ಒಯ್ದಿರಲಿಲ್ಲ. ಒಯ್ಯಲು ಮರೆತಳೋ, ಬೇಕೆಂದೇ ಬಿಟ್ಟಳೋ, ಕೇಳಲು ನನಗೆ ಧೈರ್ಯವಿಲ್ಲ.

ನಿಮ್ಮ ಕ್ಷಮೆಯನ್ನು ಓದಿದೆ. ಸಿಟ್ಟು ಪೂರ್ತಿ ಹೋಯಿತೆಂದು ಬರೆದರೆ ಅದು ನನ್ನ ಎರಡನೆಯ ಸುಳ್ಳಾಗುತ್ತದೆ. ಹೋದಷ್ಟು ಹೋಗಿದೆ.

ಈಗ ವ್ಯಾಪಾರದ ಮಾತು. ಓವರ್‌ಲಾಕ್ ಇಲ್ಲದೆಯೂ ನನ್ನ ಜಂಪರಿನ ಕೆಲಸ ನಡೆಯುತ್ತದೆ. ಮಷಿನ್ ಮಾರಾಟಕ್ಕಿದೆ, ಈ ಸಲ ಊರಿಗೆಲ್ಲ ಕೇಳುವಂತೆ ಹೇಳಿಯೇ ಮಾರುತ್ತಿದ್ದೇನೆ. ಪರಿಚಯದವರ ಲಾರಿ ಈ ತಿಂಗಳು ಬೆಂಗಳೂರಿಗೆ ಬರುತ್ತದೆ, ಅದರಲ್ಲಿ ನಾನೇ ಕೂತು ತರುತ್ತೇನೆ. ಹರಾಜಿಲ್ಲ. ನಿಮ್ಮಿಂದ ಆಗುವ ಬೆಲೆ ಹೇಳಿ, ಕಂತಿನಲ್ಲಾದರೂ ಕೊಡಿ. ಯಾವ ದಿನ ಬರಲಿ ತಿಳಿಸಿ. ಶನಿವಾರ ಒಂದು ಬಿಟ್ಟು.

ಫಕೀರೇಶ


ಬಸವೇಶ್ವರನಗರ, ಬೆಂಗಳೂರು
9-8-2007

ಫಕೀರೇಶಣ್ಣನವರಿಗೆ ಶರಣು.

ವಿಜಯನಗರದ ಅಂಗಡಿಯವರನ್ನು ಕೇಳಿದೆ. ದಸರೆ ರಜೆಯ ನಂತರ ಮಕ್ಕಳಿಗೆ ಎರಡನೆಯ ಜೊತೆ ಬಟ್ಟೆ ಬೇಕಾಗುತ್ತದಂತೆ, ಮಷಿನ್ ಕಣ್ಣಾರೆ ನೋಡಿದ ಮೇಲೆ ಕೊಡುತ್ತಾರಂತೆ. ಅವರೂ ಬುದ್ಧಿವಂತರಾಗಿದ್ದಾರೆ.

ನನ್ನ ಷರತ್ತುಗಳನ್ನು ಕೇಳಿ. ಮುಂಗಡವೆಂದು ಒಂದು ಪೈಸೆಯನ್ನೂ ಕಳಿಸುವುದಿಲ್ಲ. ಪೆಟ್ಟಿಗೆಯನ್ನು ಗೇಟಿನಲ್ಲೇ, ನೀವೂ ಲಾರಿಯವರೂ ನಿಂತಿರುವಾಗಲೇ ಬಿಚ್ಚುತ್ತೇನೆ. ವಿಭೂತಿ, ಕೆಂಪು ದಾರ, ಸುಟ್ಟ ಮೂಲೆ ಮೂರನ್ನೂ ಫೋಟೋ ಹಿಡಿದುಕೊಂಡು ಹೋಲಿಸುತ್ತೇನೆ. ಪಾಪಮ್ಮನವರ ಜಗಲಿಯಿಂದ ವೈರು ಎಳೆದು, ಒಂದು ಗಜ ಬಟ್ಟೆಯ ಅಂಚು ಹೊಲಿದು ನೋಡುತ್ತೇನೆ. ದಾರ ತುಂಡಾಗದಿದ್ದರೆ ಮಾತ್ರ ಮೊದಲ ಕಂತು ನಿಮ್ಮ ಕೈಗೆ, ಉಳಿದದ್ದು ಹೊಲಿಗೆಯ ದುಡ್ಡು ಬಂದ ಹಾಗೆ. ಆಮೇಲೆಯೇ ಸಹಿ, ಆಮೇಲೆಯೇ ಊಟ. ಇದು ಅಪನಂಬಿಕೆಯೇ, ಬೇರೆ ಹೆಸರಿಟ್ಟು ಕರೆಯುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ನನ್ನ ತವರಿನಿಂದ ನನ್ನವ್ವನೇ ಬಂದು ಮಾರಿದರೂ ನಾನಿನ್ನು ಹೀಗೆಯೇ ಕೊಳ್ಳುವುದು.

ದಿನದ ಮಾತು. ಆಗಸ್ಟ್ ಹದಿನೆಂಟಕ್ಕೆ ಬನ್ನಿ. ಅದು ಶನಿವಾರ, ನೋಡಿಯೇ ಬರೆಯುತ್ತಿದ್ದೇನೆ. ಪಾಪಮ್ಮ ಬೇಡ ಕಣಮ್ಮ, ಸೋಮವಾರ ತರಿಸು ಎಂದರು. ಶನಿ ಹೆಗಲೇರುತ್ತಾನೆ ಎನ್ನುವ ಮಾತನ್ನು ಈ ಸಲ ಅವರು ಹೇಳಲಿಲ್ಲ, ನಾನೇ ಹೇಳಿದೆ. ಅವನು ಮಾರ್ಚಿನಿಂದ ಅಲ್ಲೇ ಕೂತಿದ್ದಾನೆ, ಇಳಿಯಲಿಕ್ಕೆ ಅವನಿಗೂ ಒಂದು ನೆಪ ಬೇಕಲ್ಲ ಎಂದೆ. ಅವರು, "ಸರಿ, ಹೊಸ್ತಿಲಿಗೆ ನಾನೇ ನೀರು ಹಾಕಿರ್ತೀನಿ" ಎಂದರು.

ಆ ಕಲ್ಲು ಇನ್ನೂ ಗೇಟಿನ ಪಕ್ಕದಲ್ಲೇ ಇದೆ. ನಾಲ್ಕು ಮನೆಯವರು ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ನಾನು ಮಾತ್ರ ಇದುವರೆಗೆ ಮುಟ್ಟಿಲ್ಲ. ನಿಮ್ಮ ಪೆಟ್ಟಿಗೆಯನ್ನು ಲಾರಿಯಿಂದ ನೇರವಾಗಿ ಅದರ ಮೇಲೆಯೇ ಇಳಿಸೋಣ. ಕಾಯಿ ತಂದಿಟ್ಟಿರುತ್ತೇನೆ, ಆದರೆ ಮಷಿನ್ ಓಡಿದ ಮೇಲೆಯೇ ಒಡೆಯುವುದು.

ಅದು ಓಡಿದರೆ, ಸೋಮವಾರ ನಾನು ಫ್ಯಾಕ್ಟರಿಗೆ ಹೋಗುವುದಿಲ್ಲ.

ನೀಲಾಂಬಿಕಾ